ಹಾಲು, ಕಾಲು, ಸಾಲು

ನಮ್ಮ ಕಾಕಾ ಮೊದಲು ಕಳೆದುಕೊಂಡಿದ್ದು ಮರಾಠಿಯನ್ನು. ಆಮೇಲೆ ಹಿಂದಿಯನ್ನು. ಕನ್ನಡ ಮಾತ್ರ ಹಾಗೇ ಉಳಿದಿತ್ತು. ಮನೆಯಲ್ಲಿ ಚಿಗವ್ವನ ಜೊತೆ ಜಗಳ, ಊರಿಂದ ಬಂದವರ ಜೊತೆ ಮಳೆ-ಬೆಳೆಯ ಮಾತು ಎಲ್ಲ ಸರಾಗವಾಗಿಯೇ ನಡೆಯುತ್ತಿತ್ತು. ಹಾಗಾಗಿ ಅವರ ಕಿವಿ ಕೆಡುತ್ತಿದೆ ಎನ್ನುವ ಸಂಗತಿ ಕನ್ನಡದ ಮರೆಯಲ್ಲಿ ಬಹಳ ದಿನ ಅಡಗಿ ಕೂತಿತ್ತು.

ಕಾಕಾ ಇಂಡಿ ತಾಲೂಕಿನವರು. 1994ರಲ್ಲಿ, ಇಪ್ಪತ್ತೆರಡರ ಪ್ರಾಯದಲ್ಲಿ ತುರ್ಭೆಗೆ ಬಂದರು. ಎಂಐಡಿಸಿಯ ಟಿಟಿಸಿ ಪಟ್ಟಿಯಲ್ಲಿ ತಗಡಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಾರ್ಖಾನೆಯಲ್ಲಿ ಪವರ್ ಪ್ರೆಸ್ ಮೇಲೆ ಕೆಲಸಕ್ಕೆ ನಿಂತರು. ಮರಾಠಿಯನ್ನು ಅವರು ಪುಸ್ತಕದಿಂದ ಕಲಿತವರಲ್ಲ. ಮಷಿನ್ ಪಕ್ಕದಲ್ಲಿ ನಿಂತು, ತುರ್ಭೆ ಸ್ಟೋರ್ಸ್‌ನ ಕಿರಾಣಿ ಅಂಗಡಿಯಲ್ಲಿ, ಮಾರುಕಟ್ಟೆಯ ಕಾಂದಾ-ಬಟಾಟಾ ಗಾಳಾಗಳ ಮುಂದೆ, ಕಿವಿಯಿಂದಲೇ ಕಲಿತಿದ್ದು. ಕಿವಿಯಿಂದ ಬಂದದ್ದು ಕಿವಿಯಿಂದಲೇ ಹೋಗತೊಡಗಿತು. ಸೂಪರ್‌ವೈಸರ್ ಏನೋ ಹೇಳಿದರೆ ಹೂಂ ಅಂದು ಬೇರೇನೋ ಮಾಡುವುದು, ಸೊಸೈಟಿ ಮೀಟಿಂಗಿನಲ್ಲಿ ಮೂಲೆಯಲ್ಲಿ ಕೂತು ಎಲ್ಲರೂ ನಕ್ಕಾಗ ತಾವೂ ನಗುವುದು, ಬ್ಯಾಂಕಿಗೆ ಹೋಗುವುದನ್ನೇ ಬಿಡುವುದು. ನೆರೆಮನೆಯವರು ಒಂದು ದಿನ ಚಿಗವ್ವನಿಗೆ ನೇರವಾಗಿಯೇ ಹೇಳಿದರು: ಇಷ್ಟು ವರ್ಷ ಮಹಾರಾಷ್ಟ್ರದಲ್ಲಿದ್ದರೂ ನಿಮ್ಮವರಿಗೆ ಮರಾಠಿ ಅಂದರೆ ತಾತ್ಸಾರ.

ಪರಊರಲ್ಲಿ ಬದುಕುವ ನಮಗೆಲ್ಲ ಗೊತ್ತು, ಇದು ಸಣ್ಣ ಮಾತಲ್ಲ. ಭಾಷೆಯ ವಿಷಯದಲ್ಲಿ ಸೊಕ್ಕು ಅನ್ನಿಸಿಕೊಂಡರೆ ಬಾಡಿಗೆ ಮನೆಯಿಂದ ಹಿಡಿದು ಕೆಲಸದ ಜಾಗದವರೆಗೆ ಎಲ್ಲ ಕಡೆ ಅದರ ಬೆಲೆ ತೆರಬೇಕಾಗುತ್ತದೆ. ಕಾಕಾ ಅದನ್ನು ತೆರುತ್ತಲೇ ಇದ್ದರು. ಒಂದು ಸಂಜೆ ಅವರೇ ನನ್ನ ಹತ್ತಿರ ಹೇಳಿದ ಮಾತು ಮಾತ್ರ ಬೇರೆಯಾಗಿತ್ತು. "ಧ್ವನಿ ಕೇಳಸ್ತೈತಿ ತಮ್ಮಾ, ಮಾತು ತಿಳಿವಲ್ದು."

ಕಿವಿಯ ವೈದ್ಯರು ದಿನಾ ಕೇಳುವ ದೂರು ಇದೇ. ಕಿವುಡು ಎಂದರೆ ರೇಡಿಯೋದ ವಾಲ್ಯೂಮ್ ಕಡಿಮೆ ಮಾಡಿದ ಹಾಗೆ, ಎಲ್ಲವೂ ಒಟ್ಟಿಗೆ ಮೆಲ್ಲಗಾಗುತ್ತದೆ ಎಂದು ನಮ್ಮ ಕಲ್ಪನೆ. ಗದ್ದಲದಿಂದ ಬರುವ ಕಿವುಡು, ವಯಸ್ಸಿನಿಂದ ಬರುವ ಕಿವುಡು ಹಾಗೆ ಬರುವುದಿಲ್ಲ. ಅದು ಅಕ್ಷರಗಳನ್ನು ಆರಿಸಿ ಆರಿಸಿ ತೆಗೆಯುತ್ತದೆ.

ಶಾಲೆಯಲ್ಲಿ ಕಲಿತ ಸ್ವರ-ವ್ಯಂಜನಗಳನ್ನು ಒಮ್ಮೆ ನೆನಪಿಸಿಕೊಳ್ಳಿ. ಅ, ಆ, ಓ ಮುಂತಾದ ಸ್ವರಗಳಲ್ಲಿ ಬಲವಿದೆ. ಅವುಗಳ ಶಕ್ತಿಯ ಬಹುಪಾಲು ತಗ್ಗಿನ ಕಂಪನಾಂಕಗಳಲ್ಲಿ ಇರುತ್ತದೆ. ಸ, ಶ, ತ, ಕ, ಪ ಇವು ಮೆಲು ಸದ್ದಿನ ವ್ಯಂಜನಗಳು. 'ಸ'ದ ಸುಯ್ಯೆನ್ನುವ ಸದ್ದಂತೂ ಸುಮಾರು 4,000 ಹರ್ಟ್ಜ್‌ನಿಂದ ಮೇಲಕ್ಕೆ ಹರಡಿಕೊಂಡಿರುತ್ತದೆ. ಗದ್ದಲ ಮೊದಲು ಹಾಳುಮಾಡುವುದು ಇದೇ ಜಾಗವನ್ನು, 3,000ದಿಂದ 6,000 ಹರ್ಟ್ಜ್‌ವರೆಗಿನ ಪಟ್ಟಿಯನ್ನು. ಆಗ ಹಾಲು, ಕಾಲು, ಸಾಲು, ಪಾಲು ನಾಲ್ಕೂ ಒಂದೇ ಆಗುತ್ತವೆ. ಕೇಳುವುದು 'ಆಲು' ಅಷ್ಟೇ. ಮಾತಿನ ಸದ್ದೆಲ್ಲ ಸ್ವರದಲ್ಲಿರುತ್ತದೆ, ಅರ್ಥ ಬಹುಪಾಲು ವ್ಯಂಜನದಲ್ಲಿರುತ್ತದೆ. ಕಾಕಾ ಹೇಳಿದ್ದು ಅಕ್ಷರಶಃ ನಿಜ. ಧ್ವನಿ ಕೇಳುತ್ತಿತ್ತು, ಮಾತು ತಿಳಿಯುತ್ತಿರಲಿಲ್ಲ.

ಹಾಗಾದರೆ ಕನ್ನಡ ಹೇಗೆ ತಿಳಿಯುತ್ತಿತ್ತು? ಅಲ್ಲಿ ಕಿವಿ ಬಿಟ್ಟದ್ದನ್ನು ತಲೆ ತುಂಬಿಕೊಳ್ಳುತ್ತದೆ. ಚಿಗವ್ವ ಅಡುಗೆಮನೆಯಿಂದ "ಆಲು ಉಕ್ಕಿತು" ಅಂದರೂ ಅದು ಹಾಲೇ. ಉಕ್ಕುವುದು ಕಾಲಲ್ಲ, ಸಾಲೂ ಅಲ್ಲ. ಹುಟ್ಟಿದಾಗಿನಿಂದ ಕೇಳಿದ ಭಾಷೆಯಲ್ಲಿ ಮುಂದಿನ ಪದ ಯಾವುದೆಂದು ತಲೆ ಮೊದಲೇ ಊಹಿಸಿರುತ್ತದೆ. ದೊಡ್ಡವರಾದ ಮೇಲೆ ಕಲಿತ ಭಾಷೆಯಲ್ಲಿ ಆ ಊಹೆ ಅಷ್ಟು ಚುರುಕಲ್ಲ. ಆರೋಗ್ಯವಂತ ಕಿವಿ ಇದ್ದವರೂ ಗದ್ದಲದಲ್ಲಿ ಎರಡನೇ ಭಾಷೆಯನ್ನು ಹಿಡಿಯಲು ಹೆಚ್ಚು ಒದ್ದಾಡುತ್ತಾರೆ. ದಾದರ್ ಸ್ಟೇಷನ್ನಿನಲ್ಲಿ ಹೊಸದಾಗಿ ಬಂದು ನಿಂತ ದಿನ ಅನೌನ್ಸ್‌ಮೆಂಟ್ ಕೇಳಿಸಿಕೊಂಡ ಯಾರಿಗಾದರೂ ಇದು ಗೊತ್ತಿರುತ್ತದೆ. ಅದರ ಜೊತೆಗೆ ವ್ಯಂಜನಗಳೂ ಮಾಯವಾದರೆ ಕಲಿತ ಭಾಷೆ ಮೊದಲು ಕೈಬಿಡುತ್ತದೆ, ತಾಯಿನುಡಿ ಕೊನೆಗೆ.

ವಲಸೆ ಬಂದವರ ಕಿವುಡು ತಡವಾಗಿ ಬೆಳಕಿಗೆ ಬರಲು ಇದೂ ಒಂದು ಕಾರಣ. ಮನೆಯಲ್ಲಿ ಎಲ್ಲ ಸರಿ ಇದೆ ಅನ್ನಿಸುತ್ತದೆ. ಹೊರಗೆ ಏನಾದರೂ ತಪ್ಪಿದರೆ ಭಾಷೆ ಬರದು, ಗಮನವಿಲ್ಲ, ಸೊಕ್ಕು ಎಂಬ ಹೆಸರುಗಳು ಸಿದ್ಧವಾಗಿರುತ್ತವೆ. ನಿಮ್ಮ ಮನೆಯ ಹಿರಿಯರು ಇದ್ದಕ್ಕಿದ್ದಂತೆ ಹಿಂದಿ ಸೀರಿಯಲ್ ಬಿಟ್ಟು ಕನ್ನಡ ಚಾನೆಲ್‌ಗೇ ಅಂಟಿಕೊಂಡರೆ, ಮರಾಠಿ ಗೆಳೆಯರ ಕಟ್ಟೆಗೆ ಹೋಗುವುದನ್ನು ಬಿಟ್ಟರೆ, ಅದು ಊರಿನ ಹಂಬಲವೇ ಇರಬಹುದು. ಆದರೂ ಒಮ್ಮೆ ಕಿವಿ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಕಾಕಾ ಪರೀಕ್ಷೆಗೆ ಒಪ್ಪಿದ್ದು ಒಂದು ಸಣ್ಣ ಘಟನೆಯ ನಂತರ. ಕಾರ್ಖಾನೆಯ ಅಂಗಳದಲ್ಲಿ ಹಿಂದಕ್ಕೆ ಬರುತ್ತಿದ್ದ ಫೋರ್ಕ್‌ಲಿಫ್ಟಿನ ಪೀಂ ಪೀಂ ಅವರಿಗೆ ಕೇಳಿಸಲೇ ಇಲ್ಲ. ಪಕ್ಕದ ಹುಡುಗ ತೋಳು ಹಿಡಿದು ಎಳೆದ. ಏನೂ ಆಗಲಿಲ್ಲ. ಆದರೆ ಅವತ್ತು ರಾತ್ರಿ ಅವರು ಸರಿಯಾಗಿ ಊಟ ಮಾಡಲಿಲ್ಲ.

ಮೊದಲು ಇಎನ್‌ಟಿ ಡಾಕ್ಟರು ಟಾರ್ಚ್ ಬಿಟ್ಟು ನೋಡಿದರು. ಗುಗ್ಗೆ ಕಟ್ಟಿದೆಯೇ, ತಮಟೆಯಲ್ಲಿ ತೂತಿದೆಯೇ, ಕಿವಿ ಸೋರುತ್ತಿದೆಯೇ ಎಂದು. ಇವೆಲ್ಲ ಹೊರಗಿವಿ, ನಡುಗಿವಿಯ ತೊಂದರೆಗಳು. ಬಹಳಷ್ಟನ್ನು ಮದ್ದಿನಿಂದಲೋ ಶಸ್ತ್ರಚಿಕಿತ್ಸೆಯಿಂದಲೋ ಸರಿಮಾಡಬಹುದು. ಕಾಕಾನ ಕಿವಿಯಲ್ಲಿ ಅವು ಯಾವುವೂ ಇರಲಿಲ್ಲ. ಆಮೇಲೆ ಆಡಿಯಾಲಜಿಸ್ಟ್ ಹತ್ತಿರ ಕಳಿಸಿದರು. ಸದ್ದು ಒಳಬರದಂತೆ ಕಟ್ಟಿದ ಸಣ್ಣ ಕೋಣೆ, ತಲೆಗೆ ಹೆಡ್‌ಫೋನ್, ಕೈಯಲ್ಲಿ ಒಂದು ಗುಂಡಿ. ಪಿಂ ಎಂಬ ಸಣ್ಣ ಸದ್ದು ಕೇಳಿದಾಗಲೆಲ್ಲ ಗುಂಡಿ ಒತ್ತಬೇಕು. ನೋವಿಲ್ಲ, ಸೂಜಿಯಿಲ್ಲ, ಅರ್ಧ ಗಂಟೆಯ ಕೆಲಸ.

ಬಂದ ನಕ್ಷೆಯ ಹೆಸರು ಆಡಿಯೋಗ್ರಾಮ್. ಎಡದಿಂದ ಬಲಕ್ಕೆ ತಗ್ಗಿನ ಸದ್ದಿನಿಂದ ಏರು ಸದ್ದು, ಮೇಲಿಂದ ಕೆಳಕ್ಕೆ ಡೆಸಿಬೆಲ್. ಗೆರೆ ಮೇಲಿದ್ದಷ್ಟೂ ಕಿವಿ ಚೆನ್ನಾಗಿದೆ ಎಂದರ್ಥ. ಕಾಕಾನ ಗೆರೆ 500 ಹರ್ಟ್ಜ್‌ನಲ್ಲಿ 20 ಡೆಸಿಬೆಲ್, ಅಂದರೆ ಹೆಚ್ಚು ಕಡಿಮೆ ಸರಿಯಾಗಿಯೇ ಇತ್ತು. 1,000ದಲ್ಲಿ 30, 2,000ದಲ್ಲಿ 45, 4,000ದಲ್ಲಿ 70ಕ್ಕೆ ಇಳಿದು, 8,000ದಲ್ಲಿ ಮತ್ತೆ 60ಕ್ಕೆ ಏರಿತ್ತು. ಎರಡೂ ಕಿವಿಯಲ್ಲಿ ಒಂದೇ ಥರ. ಬಾವಿಗೆ ಇಳಿದು ಮತ್ತೆ ಮೇಲೇರಿದಂಥ ಆ ತಗ್ಗು ಗದ್ದಲದ ಗುರುತು. ಬರೀ ವಯಸ್ಸಿನ ಕಿವುಡಿನಲ್ಲಿ ಗೆರೆ ಸಾಮಾನ್ಯವಾಗಿ ಇಳಿಯುತ್ತಲೇ ಹೋಗುತ್ತದೆ, ಕೊನೆಯಲ್ಲಿ ಮೇಲೇರುವುದಿಲ್ಲ.

ಎರಡನೇ ಪರೀಕ್ಷೆ ಮಾತಿನದು. ಹೆಡ್‌ಫೋನಿನಲ್ಲಿ ಒಂದೊಂದೇ ಪದ ಬರುತ್ತದೆ, ಕೇಳಿದ ಹಾಗೆ ತಿರುಗಿ ಹೇಳಬೇಕು. ಸಾಕಷ್ಟು ಗಟ್ಟಿಯಾಗಿ ಕೇಳಿಸಿದಾಗಲೂ ಪದ ಎಷ್ಟು ಸ್ಪಷ್ಟ ಎಂದು ಇದರಿಂದ ಗೊತ್ತಾಗುತ್ತದೆ. ಕಿವಿ ಮಷಿನ್ ಹಾಕಿದರೆ ಎಷ್ಟು ಪ್ರಯೋಜನವಾದೀತು ಎನ್ನುವ ಅಂದಾಜಿಗೂ ಈ ಅಂಕೆ ಬೇಕಾಗುತ್ತದೆ. ಅಲ್ಲಿದ್ದದ್ದು ಮರಾಠಿ ಪಟ್ಟಿ. 25 ಪದಗಳಲ್ಲಿ ಕಾಕಾ 9 ಮಾತ್ರ ಸರಿ ಹೇಳಿದರು. ಆಡಿಯಾಲಜಿಸ್ಟ್ ಹುಡುಗಿ ಪೆನ್ನು ಕೆಳಗಿಟ್ಟು, ಮನೆಯಲ್ಲಿ ಯಾವ ಭಾಷೆ ಆಡುತ್ತೀರಿ ಎಂದು ಕೇಳಿದಳು. ಆಕೆ ಮಲಯಾಳಿ, ಆದರೆ ಓದಿದ್ದು ಮೈಸೂರಿನಲ್ಲಿ. ಕನ್ನಡ ಪದಗಳ ಪಟ್ಟಿ ಆಕೆಯ ಬಳಿ ಇತ್ತು. ಅದರಲ್ಲಿ ಕಾಕಾ 25ಕ್ಕೆ 17 ಹೇಳಿದರು.

ಅದೇ ಕಿವಿ, ಅದೇ ಕೋಣೆ, ಅದೇ ಮಧ್ಯಾಹ್ನ. ನಡುವಿನ ಎಂಟು ಪದಗಳು ಕಿವಿಯವಲ್ಲ, ಭಾಷೆಯವು. ಮರಾಠಿ ಅಂಕೆಯೊಂದನ್ನೇ ನಂಬಿದ್ದರೆ ಈ ಕಿವಿಗೆ ಮಷಿನ್ ಹಾಕಿಯೂ ಹೆಚ್ಚು ಲಾಭವಿಲ್ಲ ಎಂಬ ತೀರ್ಮಾನಕ್ಕೆ ಬರಬಹುದಿತ್ತು. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಲ್ಲಿ ಶುರುವಾಯಿತು. ಕನ್ನಡದಲ್ಲಿ ಯಾವ ಧ್ವನಿ ಎಷ್ಟು ಸಲ ಬರುತ್ತದೆ ಎಂದು ಲೆಕ್ಕ ಹಾಕಿ, ಅದೇ ಪ್ರಮಾಣದಲ್ಲಿ ಪದಗಳನ್ನು ಜೋಡಿಸಿದ ಪರೀಕ್ಷಾ ಪಟ್ಟಿಗಳನ್ನು ಅಲ್ಲಿ ತಯಾರಿಸಿದ್ದಾರೆ. ಇದು ಪುಸ್ತಕದ ಕಪಾಟಿನಲ್ಲಿಡುವ ಕನ್ನಡ ಸೇವೆಯಲ್ಲ, ತುರ್ಭೆಯ ಒಬ್ಬ ಪ್ರೆಸ್ ಕೆಲಸಗಾರನ ಕಿವಿಗೆ ನ್ಯಾಯ ಕೊಟ್ಟ ಕನ್ನಡ ಸೇವೆ. ನೀವು ಯಾರನ್ನಾದರೂ ಪರೀಕ್ಷೆಗೆ ಕರೆದುಕೊಂಡು ಹೋದರೆ, ಮಾತಿನ ಪರೀಕ್ಷೆ ಅವರ ಮಾತೃಭಾಷೆಯಲ್ಲಿ ಆಗಲಿ ಎಂದು ಬಾಯಿಬಿಟ್ಟು ಕೇಳಿ. ಪಟ್ಟಿ ಇಲ್ಲವೆಂದರೆ ಯಾವ ಭಾಷೆಯಲ್ಲಿ ಮಾಡಿದರು ಎಂದು ರಿಪೋರ್ಟಿನಲ್ಲಿ ಬರೆಸಿಕೊಳ್ಳಿ.

ಆ ತಗ್ಗು ಬಂದದ್ದು ಹೇಗೆ? ಒಳಗಿವಿಯಲ್ಲಿ ಬಟಾಣಿ ಕಾಳಿನಷ್ಟು ಗಾತ್ರದ, ಶಂಖದ ಸುರುಳಿಯಂಥ ಒಂದು ಅಂಗವಿದೆ. ಅದರೊಳಗೆ ಸುಮಾರು ಹದಿನೈದು ಸಾವಿರ ರೋಮಕೋಶಗಳಿವೆ. ಸದ್ದು ಬಂದಾಗ ಅವುಗಳ ತುದಿಯ ಸಣ್ಣ ರೋಮಗಳು ಬಾಗಿ, ಆ ಅಲುಗಾಟ ನರಕ್ಕೆ ಸುದ್ದಿಯಾಗಿ ಹೋಗುತ್ತದೆ. ಜೋಳದ ಹೊಲದಲ್ಲಿ ಗಾಳಿ ಬೀಸಿದರೆ ದಂಟು ಬಾಗಿ ಮತ್ತೆ ಏಳುತ್ತದೆ. ದನ ನುಗ್ಗಿ ದಿನಾ ತುಳಿದರೆ ಏಳುವುದಿಲ್ಲ. ಏರು ಸದ್ದಿನ ಕೋಶಗಳು ಸುರುಳಿಯ ಬಾಗಿಲಲ್ಲೇ ಇವೆ. ಮೊದಲ ತುಳಿತ ಅವುಗಳಿಗೇ. ಕೋಳಿಯ ಕಿವಿಯಲ್ಲಿ ಸತ್ತ ರೋಮಕೋಶ ಮತ್ತೆ ಹುಟ್ಟುತ್ತದೆ. ಮನುಷ್ಯನಿಗೆ ಆ ಭಾಗ್ಯವಿಲ್ಲ. ಹೋದದ್ದು ಹೋಯಿತು.

ಎಷ್ಟು ಗದ್ದಲ ಅಪಾಯ ಎನ್ನುವುದಕ್ಕೆ ಒಂದು ಗಣಿತವಿದೆ. ಡೆಸಿಬೆಲ್ ನಮ್ಮ ಕಿಲೋ, ಮೀಟರಿನ ಹಾಗೆ ಏರುವುದಿಲ್ಲ. ಮೂರು ಡೆಸಿಬೆಲ್ ಹೆಚ್ಚಾದರೆ ಸದ್ದಿನ ಶಕ್ತಿ ಎರಡು ಪಟ್ಟಾಗುತ್ತದೆ. 85 ಡೆಸಿಬೆಲ್ ಇದ್ದಲ್ಲಿ ಎಂಟು ತಾಸು ಇರಬಹುದು ಎಂದಿಟ್ಟುಕೊಂಡರೆ 88ರಲ್ಲಿ ನಾಲ್ಕು ತಾಸು, 91ರಲ್ಲಿ ಎರಡು, 94ರಲ್ಲಿ ಒಂದು, 100ರಲ್ಲಿ ಕಾಲು ತಾಸು ಮಾತ್ರ. ನಮ್ಮ ದೇಶದ ಕಾರ್ಖಾನೆ ನಿಯಮಗಳು ಎಂಟು ತಾಸಿಗೆ 90 ಡೆಸಿಬೆಲ್‌ವರೆಗೆ ಬಿಡುತ್ತವೆ. ಅಳೆಯುವ ಯಂತ್ರ ಇಲ್ಲದಿದ್ದರೂ ಒಂದು ಸುಲಭದ ಲೆಕ್ಕವಿದೆ. ಒಂದು ಮಾರು ದೂರದಲ್ಲಿರುವವರ ಜೊತೆ ಮಾತಾಡಲು ಗಂಟಲು ಏರಿಸಬೇಕಾದರೆ ಆ ಜಾಗ 85ರ ಆಸುಪಾಸಿನಲ್ಲೋ ಅದಕ್ಕಿಂತ ಮೇಲೋ ಇದೆ ಎಂದೇ ತಿಳಿಯಿರಿ. ಕಾಕಾ ಮೂವತ್ತು ವರ್ಷ ಕೈಸನ್ನೆಯಲ್ಲೇ ಕೆಲಸ ಮಾಡಿದವರು.

ಗದ್ದಲದಿಂದ ಬರುವ ಕಿವುಡು ಕಾನೂನಿಗೆ ಗೊತ್ತಿಲ್ಲದ ರೋಗವೇನಲ್ಲ. 1948ರ ಕಾರ್ಖಾನೆ ಕಾಯ್ದೆಯ ಮೂರನೇ ಅನುಸೂಚಿಯಲ್ಲಿ, ಸರ್ಕಾರಕ್ಕೆ ತಿಳಿಸಲೇಬೇಕಾದ ಔದ್ಯೋಗಿಕ ರೋಗಗಳ ಪಟ್ಟಿಯಲ್ಲಿ ಅದು ಸೇರಿತ್ತು. ಅದರ ಜಾಗಕ್ಕೆ ಬಂದ 2020ರ ಸಂಹಿತೆಯಲ್ಲೂ ಇದೆ. ಆದರೆ ರಕ್ತ ಬರುವುದಿಲ್ಲ, ಬೆರಳು ಹೋಗುವುದಿಲ್ಲ, ನೋವೂ ಇಲ್ಲ. ಪ್ರೆಸ್‌ನಲ್ಲಿ ಬೆರಳು ಕಳೆದುಕೊಂಡವನನ್ನು ಎಲ್ಲರೂ ನೋಡುತ್ತಾರೆ. 4,000 ಹರ್ಟ್ಜ್ ಕಳೆದುಕೊಂಡವನನ್ನು ಯಾರೂ ನೋಡುವುದಿಲ್ಲ.

ಇನ್ನೊಂದು ಲೆಕ್ಕವೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ ಪ್ರಕಾರ ಎರಡೂ ಕಿವಿಗಳಲ್ಲಿ, ಮಾತಿನ ಕಂಪನಾಂಕಗಳಲ್ಲಿ 60 ಡೆಸಿಬೆಲ್ ನಷ್ಟವಾದ ಮೇಲಷ್ಟೇ 'ಕಿವಿ ಮಂದ', 70 ಆದರೆ 'ಕಿವುಡ'. ಕಾಕಾನ ಸರಾಸರಿ 41. ಆ ಕಾಯ್ದೆಯ ಕಣ್ಣಿನಲ್ಲಿ ಅವರಿಗೆ ಏನೂ ಆಗಿಲ್ಲ. ಅಂಗವಿಕಲ ಪ್ರಮಾಣಪತ್ರ ತೋರಿಸಿ ಸರ್ಕಾರದ ಯೋಜನೆಯಿಂದ ಮಷಿನ್ ಪಡೆಯುವ ದಾರಿಯೂ ಇಲ್ಲ. ಎರಡು ತಿಂಗಳ ಪಗಾರ ಸೇರಿಸಿ ಸ್ವಂತ ದುಡ್ಡಿನಿಂದಲೇ ಕೊಂಡೆವು. ಕಾನೂನಿನ ಲೆಕ್ಕಕ್ಕೆ ಸಿಗುವಷ್ಟು ಕೆಟ್ಟಿರುವ ಕಿವಿಯಾದರೆ ಮೊದಲು ಆ ದಾರಿಯನ್ನೇ ನೋಡಬೇಕು. ಬಾಂದ್ರಾ ರೆಕ್ಲಮೇಶನ್ನಿನಲ್ಲಿ ಮಹಾರಾಷ್ಟ್ರದ ಹಿಂದಿನ ರಾಜ್ಯಪಾಲ ಅಲಿ ಯಾವರ್ ಜಂಗ್ ಹೆಸರಿನ ರಾಷ್ಟ್ರೀಯ ಸಂಸ್ಥೆ 1983ರಿಂದ ಇದೆ. ಕೇಂದ್ರ ಸರ್ಕಾರದ್ದು. ಪರೀಕ್ಷೆ, ಮಷಿನ್, ಮಕ್ಕಳ ಮಾತಿನ ತರಬೇತಿ ಎಲ್ಲ ಅಲ್ಲಿ ಒಂದೇ ಕಡೆ ಸಿಗುತ್ತದೆ. ವಾಶಿಯಿಂದ ಹಾರ್ಬರ್ ಲೈನ್ ಹಿಡಿದು ವಡಾಲಾದಲ್ಲಿ ಬದಲಿಸಿದರೆ ಬಾಂದ್ರಾ.

ಮಷಿನ್ ಹಾಕಿಕೊಂಡ ದಿನ ಎಲ್ಲವೂ ಸರಿಹೋಗುತ್ತದೆ ಎಂದುಕೊಂಡರೆ ನಿರಾಸೆಯಾಗುತ್ತದೆ. ಕನ್ನಡಕ ಹಾಕಿದ ಕೂಡಲೇ ಕಾಣುತ್ತದೆ, ಮಷಿನ್ ಹಾಗಲ್ಲ. ವರ್ಷಗಟ್ಟಲೆ ಕೇಳದ ಸದ್ದುಗಳನ್ನು ಮಿದುಳು ಮತ್ತೆ ಕಲಿಯಬೇಕು, ಅದಕ್ಕೆ ವಾರಗಳೇ ಬೇಕು. ಮೊದಲ ದಿನ ಕಾಕಾ ತರಕಾರಿ ಚೀಲ ಹಿಡಿದು ನಿಂತು, "ಈ ಕ್ಯಾರಿಬ್ಯಾಗ್ ಇಷ್ಟು ಸಪ್ಪಳ ಮಾಡ್ತಿತ್ತೇನು?" ಎಂದು ಕೇಳಿದರು. ನಳದ ನೀರು, ಕುಕ್ಕರ್, ಸ್ವಂತ ಚಪ್ಪಲಿ ಎಲ್ಲವೂ ಕಿರಿಕಿರಿ. ಬಹಳ ಮಂದಿ ಇಲ್ಲಿಗೇ ಬೇಸತ್ತು ಅದನ್ನು ಕಪಾಟಿನಲ್ಲಿ ಇಟ್ಟುಬಿಡುತ್ತಾರೆ. ಆಡಿಯಾಲಜಿಸ್ಟ್ ಹೇಳಿಕೊಟ್ಟ ಕ್ರಮ ಸರಳವಾಗಿತ್ತು. ಮೊದಲ ವಾರ ಮನೆಯೊಳಗೆ, ಒಬ್ಬರ ಜೊತೆ ಮಾತಾಡುವಾಗ. ಆಮೇಲೆ ಟಿವಿ. ಆಮೇಲೆ ರಸ್ತೆ, ಮಾರುಕಟ್ಟೆ. ಮತ್ತೆ ಹೋಗಿ ಎರಡು-ಮೂರು ಸಲ ಹೊಂದಿಸಿಕೊಳ್ಳುವುದು. ಮಷಿನನ್ನು ಕಂತಿನ ಆಮಿಷಕ್ಕೆ ಅಂಗಡಿಯಲ್ಲಿ ಕೊಳ್ಳುವ ಮೊದಲು, ಅದನ್ನು ಹೊಂದಿಸುವವರು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡ ಆಡಿಯಾಲಜಿಸ್ಟ್ ಹೌದೋ ಅಲ್ಲವೋ ವಿಚಾರಿಸಿ. ನಮ್ಮ ಮಳೆಗಾಲದ ತೇವಕ್ಕೆ ಮಷಿನ್ ಬೇಗ ಕೆಡುತ್ತದೆ. ರಾತ್ರಿ ಅದನ್ನು ತೇವ ಹೀರುವ ಸಿಲಿಕಾ ಜೆಲ್ ಇಟ್ಟ ಡಬ್ಬಿಯಲ್ಲಿ ಇಡಬೇಕು. ಇನ್ನೊಂದು ಮಾತು: ಮಷಿನ್ ಬಂದ್ ಮಾಡಿ ಕಿವಿಯಲ್ಲಿಟ್ಟುಕೊಂಡರೆ ಅದು ಗದ್ದಲಕ್ಕೆ ಅಡ್ಡವಾಗುವುದಿಲ್ಲ. ಪ್ರೆಸ್ ಮುಂದೆ ನಿಲ್ಲುವವರಿಗೆ ಅದಕ್ಕೆಂದೇ ಮಾಡಿದ ರಕ್ಷಣೆ ಬೇರೆಯೇ ಬೇಕು.

ಇದನ್ನು ಓದುತ್ತಿರುವ ನಮ್ಮಲ್ಲಿ ಹೆಚ್ಚಿನವರು ಪ್ರೆಸ್ ಮುಂದೆ ನಿಲ್ಲುವವರಲ್ಲ. ಐರೋಲಿ, ಘಣಸೋಲಿಯ ಗಾಜಿನ ಕಟ್ಟಡಗಳಲ್ಲಿ ಹೆಡ್‌ಸೆಟ್ ಹಾಕಿ ಕೂರುವವರು, ಠಾಣೆ-ವಾಶಿ ಲೋಕಲ್‌ನಲ್ಲಿ ಹಾಡು ಕೇಳುತ್ತ ನಿಲ್ಲುವವರು. ಕಿವಿಗೆ ಮಾತ್ರ ಸದ್ದು ಕಾರ್ಖಾನೆಯದೋ ಹಾಡಿನದೋ ಎಂಬ ಭೇದವಿಲ್ಲ. ಲೋಕಲ್‌ನ ಗಡಗಡದ ಮೇಲೆ ಹಾಡು ಕೇಳಬೇಕಾದರೆ ವಾಲ್ಯೂಮನ್ನು ಅದಕ್ಕಿಂತ ಮೇಲೆ ಏರಿಸಲೇಬೇಕು. ಏರಿಸಿದ್ದು ಇಳಿದ ಮೇಲೂ ಹಾಗೇ ಇರುತ್ತದೆ. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹಾಕಿಕೊಟ್ಟ ಮಿತಿ ದೊಡ್ಡವರಿಗೆ ವಾರಕ್ಕೆ 40 ತಾಸು, 80 ಡೆಸಿಬೆಲ್. ಮಕ್ಕಳಿಗೆ 75. ಫೋನಿನ ಸೆಟ್ಟಿಂಗ್‌ನಲ್ಲಿ ವಾಲ್ಯೂಮಿಗೆ ಮಿತಿ ಹಾಕುವ ಸೌಕರ್ಯ ಇದ್ದರೆ ಹಾಕಿಬಿಡಿ. ಹೊರಗಿನ ಸದ್ದನ್ನು ಕಡಿಮೆ ಮಾಡುವ ಹೆಡ್‌ಫೋನ್ ಕೊಂಡರೆ ಅದರ ಲಾಭ ಇರುವುದು ವಾಲ್ಯೂಮ್ ಇಳಿಸುವುದರಲ್ಲಿ. ಡಿಜೆ ಮೆರವಣಿಗೆಯಿಂದ ಬಂದ ರಾತ್ರಿ ಕಿವಿಯಲ್ಲಿ ಗುಂಯ್ ಎನ್ನುತ್ತಿದ್ದರೆ, ಮಾತು ಹತ್ತಿ ಇಟ್ಟಂತೆ ಕೇಳಿಸಿದರೆ, ಹೊಲವನ್ನು ದನ ತುಳಿದಿದೆ ಎಂದರ್ಥ. ಬೆಳಿಗ್ಗೆ ಸರಿಯಾಯಿತು ಎಂದು ಪೂರಾ ನಂಬುವಂತಿಲ್ಲ.

ಹೊರಗಿನ ಸದ್ದಿಗೂ ಮಿತಿ ಇದೆ. 2000ದ ಶಬ್ದಮಾಲಿನ್ಯ ನಿಯಮದಂತೆ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬೆಲ್. ಕೈಗಾರಿಕಾ ಪ್ರದೇಶದಲ್ಲಿ 75 ಮತ್ತು 70. ಪಟ್ಟಿಯಲ್ಲಿ ಇವು ಬೇರೆ ಬೇರೆ ಪ್ರದೇಶಗಳು. ತುರ್ಭೆಯಲ್ಲಿ ಕಾರ್ಖಾನೆ, ಹೆದ್ದಾರಿ, ಲಾರಿ, ಚಾಳ್, ಶಾಲೆ ಎಲ್ಲ ಒಂದಕ್ಕೊಂದು ಆತುಕೊಂಡಿವೆ. ಹಬ್ಬದ ಲೌಡ್‌ಸ್ಪೀಕರ್‌ಗಳ ವಿಷಯದಲ್ಲಿ ಠಾಣೆಯ ವೈದ್ಯ ಮಹೇಶ್ ಬೇಡೇಕರ್ ಹೈಕೋರ್ಟಿಗೆ ಹೋದರು. 2016ರ ಆಗಸ್ಟ್‌ನಲ್ಲಿ ಬಂದ ತೀರ್ಪಿನಲ್ಲಿ ಬಾಂಬೆ ಹೈಕೋರ್ಟ್ ಈ ನಿಯಮಗಳನ್ನು ಕಟ್ಟುನಿಟ್ಟಾಗಿ ಜಾರಿಗೆ ತರಬೇಕೆಂದು ಹೇಳಿತು. ದೂರು ಕೊಡುವ ಹಕ್ಕು ನಮಗೂ ಇದೆ, ಪರಊರಿನವರು ಎಂಬ ಅಳುಕು ಬೇಕಿಲ್ಲ.

ಕಿವಿಯ ಆರೈಕೆ ಎಂದರೆ ನಮ್ಮಲ್ಲಿ ಕಿವಿಗೆ ಏನಾದರೂ ಹಾಕುವುದು. ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ರಸ, ಹೇರ್‌ಪಿನ್, ಬೈಕಿನ ಕೀಲಿ. ಸ್ಟೇಷನ್ ಹೊರಗೆ ಕೆಂಪು ಟೋಪಿ ಹಾಕಿ ಕೂರುವ ಕಾನ್‌ಸಾಫ್‌ವಾಲಾನ ಕಡ್ಡಿಯೂ ಸೇರಿ ಯಾವುದೂ ಬೇಡ. ಗುಗ್ಗೆ ಕೊಳೆಯಲ್ಲ, ಧೂಳು-ಹುಳು ಒಳಹೋಗದಂತೆ ದೇಹವೇ ಮಾಡಿಕೊಂಡ ಕಾವಲು. ಸಾಮಾನ್ಯವಾಗಿ ತಾನಾಗಿ ಹೊರಬರುತ್ತದೆ. ಹತ್ತಿಯ ಕಡ್ಡಿ ಹಾಕಿದರೆ ಒಳಕ್ಕೇ ಹೋಗುತ್ತದೆ. ತಮಟೆಯಲ್ಲಿ ತೂತಿದ್ದು ಎಣ್ಣೆ ಬಿಟ್ಟರೆ ಸೋಂಕು ನಡುಗಿವಿಗೆ ಇಳಿಯುತ್ತದೆ. ಮಳೆಗಾಲದಲ್ಲಿ ಒದ್ದೆ ಕಿವಿಗೆ ಗಂಟೆಗಟ್ಟಲೆ ಇಯರ್‌ಫೋನ್ ತುರುಕಿದರೆ ಬೂಸು ಬೆಳೆದು ತುರಿಕೆ ಶುರುವಾಗುತ್ತದೆ. ಮಗುವಿನ ಕಿವಿ ಸೋರುತ್ತಿದ್ದರೆ ದೊಡ್ಡದಾದ ಮೇಲೆ ನಿಲ್ಲುತ್ತದೆ ಎಂದು ಕಾಯಬಾರದು.

ಎರಡು ಸಂಗತಿಗಳನ್ನು ಮಾತ್ರ ಬರೆದಿಟ್ಟುಕೊಳ್ಳಿ. ಒಂದು, ಬೆಳಿಗ್ಗೆ ಎದ್ದಾಗ ಒಂದು ಕಿವಿ ಇದ್ದಕ್ಕಿದ್ದಂತೆ ಕೇಳದಾದರೆ ಅದು ನೆಗಡಿ ಎಂದು ವಾರ ಕಾಯಬಾರದು. ಅದೇ ದಿನ ಇಎನ್‌ಟಿ ಡಾಕ್ಟರ ಹತ್ತಿರ ಓಡಬೇಕು. ಸ್ಟೀರಾಯ್ಡ್ ಚಿಕಿತ್ಸೆ ಮೊದಲ ಕೆಲವು ದಿನಗಳಲ್ಲೇ ಶುರುವಾದರೆ ಶ್ರವಣ ಮರಳುವ ಸಂಭವ ಹೆಚ್ಚು. ಎರಡು, ಕೆಲವು ಮದ್ದುಗಳು ಒಳಗಿವಿಗೆ ವಿಷ. ಕ್ಷಯಕ್ಕೆ ಚುಚ್ಚುತ್ತಿದ್ದ ಸ್ಟ್ರೆಪ್ಟೊಮೈಸಿನ್, ಕೆನಾಮೈಸಿನ್, ಹಾಗೆಯೇ ಜೆಂಟಾಮೈಸಿನ್ ಈ ಜಾತಿಯವು. ಬೇಕಾದಾಗ ತೆಗೆದುಕೊಳ್ಳಲೇಬೇಕು, ಆದರೆ ಕಿವಿಯಲ್ಲಿ ಗುಂಯ್ ಶುರುವಾದರೆ ಡಾಕ್ಟರಿಗೆ ಕೂಡಲೇ ಹೇಳಬೇಕು.

ಮನೆಯವರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಕೂಗಬಾರದು. ಕೂಗಿದರೆ ಸ್ವರಗಳೇ ದೊಡ್ಡದಾಗುತ್ತವೆ, ವ್ಯಂಜನಗಳು ಇನ್ನೂ ಮುಳುಗುತ್ತವೆ. ಮಿಕ್ಸರ್ ನಿಲ್ಲಿಸಿ, ಮುಖ ಕಾಣುವಂತೆ ಎದುರು ಬಂದು, ಸ್ವಲ್ಪ ನಿಧಾನವಾಗಿ ಹೇಳಿದರೆ ಸಾಕು. ತಿಳಿಯದಿದ್ದರೆ ಅದೇ ಪದವನ್ನು ನಾಲ್ಕು ಸಲ ಹೇಳದೆ ಬೇರೆ ಪದದಲ್ಲಿ ಹೇಳಬೇಕು. 'ಹೋಗಲಿ ಬಿಡಿ, ಏನಿಲ್ಲ' ಎಂಬ ಮಾತನ್ನು ಮಾತ್ರ ಆಡಬಾರದು. ಚಿಗವ್ವ ಹೇಳುವಂತೆ ಆ ಮಾತು ಮಾತ್ರ ಯಾವ ಕಿವುಡರಿಗೂ ತಪ್ಪದೆ ಕೇಳಿಸುತ್ತದೆ. ಕೆಪ್ಪ ಎಂಬ ಬೈಗುಳ, ಒಂದು ಕೇಳಿದರೆ ಇನ್ನೊಂದು ಹೇಳುವ ಕಿವುಡನ ನಗೆಹನಿ ನಮ್ಮ ಭಾಷೆಯಲ್ಲಿ ಬೇಕಾದಷ್ಟಿವೆ. ಕಣ್ಣು ಮಂದವಾದವರನ್ನು ನೋಡಿ ನಾವು ನಗುವುದಿಲ್ಲ. ಕಿವಿ ಮಂದವಾದವರು ಪರೀಕ್ಷೆಗೆ ಹೋಗಲು ನಾಚುವುದಕ್ಕೆ ಈ ನಗುವೂ ಒಂದು ಕಾರಣ. ನಾಚಿ ಮಾತು ಬಿಟ್ಟವರು ಜನರನ್ನೂ ಬಿಡುತ್ತಾರೆ. ಮರೆವಿನ ರೋಗದ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯ ಆಯೋಗ 2020 ಮತ್ತು 2024ರಲ್ಲಿ ಕೊಟ್ಟ ವರದಿಗಳು, ತಡೆಯಬಹುದಾದ ಕಾರಣಗಳಲ್ಲಿ ಚಿಕಿತ್ಸೆ ಇಲ್ಲದ ಕಿವುಡನ್ನೂ ಎಣಿಸಿವೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಚಿಕಿತ್ಸೆಯೋ ಸಾಧನವೋ ಬೇಕಾದಷ್ಟು ಕಿವಿ ಮಂದವಾದವರು ಜಗತ್ತಿನಲ್ಲಿ 43 ಕೋಟಿ. 2050ರ ಹೊತ್ತಿಗೆ 70 ಕೋಟಿ ದಾಟಬಹುದಂತೆ. ಅವರಲ್ಲಿ ಎಷ್ಟು ಮಂದಿ ತಮ್ಮದಲ್ಲದ ಭಾಷೆಯ ಊರಲ್ಲಿ ದುಡಿಯುತ್ತಿದ್ದಾರೋ. ಪ್ರತಿ ಮಾರ್ಚ್ 3 ವಿಶ್ವ ಶ್ರವಣ ದಿನ. ನಮ್ಮ ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ರಕ್ತದಾನ, ಕಣ್ಣಿನ ತಪಾಸಣೆ ಶಿಬಿರ ಮಾಡುತ್ತವೆ. ಒಂದು ವರ್ಷ ಕಿವಿಯ ತಪಾಸಣೆಯನ್ನೂ ಸೇರಿಸಬಹುದು. ಕನ್ನಡ ಪದಗಳ ಪಟ್ಟಿಯನ್ನು ಓದಿ ಹೇಳಲು ಮೈಸೂರಲ್ಲಿ ಕಲಿತ ಒಬ್ಬರು ಸಿಕ್ಕರೆ ಇನ್ನೂ ಒಳ್ಳೆಯದು.

ಕಾಕಾನ ಕಾರ್ಖಾನೆಗೆ ಈಗ ಹೊಸದಾಗಿ ಸೇರಿದ ನಾಲ್ಕು ಹುಡುಗರಿದ್ದಾರೆ, ಇಬ್ಬರು ಕಲಬುರಗಿ ಕಡೆಯವರು, ಇಬ್ಬರು ಬಿಹಾರದವರು. ಫೋಮ್ ಇಯರ್ ಪ್ಲಗ್ ಒಂದು ಜೊತೆಗೆ ಒಂದೆರಡು ಕಟಿಂಗ್ ಚಹಾದ ಬೆಲೆ. ಕಾಕಾ ಅದನ್ನು ಹಾಕುವ ರೀತಿಯನ್ನು ಅವರಿಗೆ ದಿನಾ ತೋರಿಸುತ್ತಾರೆ. ತೊಳೆದ ಕೈಯಿಂದ ಬತ್ತಿಯ ಹಾಗೆ ಸಣ್ಣಗೆ ಹೊಸೆಯಬೇಕು. ಇನ್ನೊಂದು ಕೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆಯಬೇಕು, ಆಗ ದಾರಿ ನೇರವಾಗುತ್ತದೆ. ಪ್ಲಗ್ ಒಳಗಿಟ್ಟು, ಅದು ಉಬ್ಬುವವರೆಗೆ ಬೆರಳು ಒತ್ತಿ ಹಿಡಿದು ಮೂವತ್ತು ಎಣಿಸಬೇಕು. ಎಣಿಕೆಯನ್ನು ಕಲಬುರಗಿ ಹುಡುಗರು ಕನ್ನಡದಲ್ಲಿ, ಬಿಹಾರದವರು ಹಿಂದಿಯಲ್ಲಿ ಮಾಡುತ್ತಾರೆ. ಎಲ್ಲರ ಎಣಿಕೆ ಮುಗಿಯುವವರೆಗೆ ಕಾಕಾ ಪ್ರೆಸ್ ಸ್ವಿಚ್ ಒತ್ತುವುದಿಲ್ಲ.